ಕಳಕಮ್ಮನ ಐದು ಮನೆಯ ಹಿಟ್ಟು

ನೀವು ಆರಾಮಾಗಿ ಕೂತು ಕೇಳಿ, ಕಳಕಮ್ಮ ಮಾತ್ರ ಕೂತವಳಲ್ಲ. ಬೇವೂರಿನಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಉಣ್ಣುವಾಗಲೂ ಅವಳ ಒಂದು ಮೊಣಕಾಲು ಮೇಲೆದ್ದೇ ಇರುತ್ತಿತ್ತು, ಯಾರೋ ಕರೆದರೆ ಓಡುವವಳ ಹಾಗೆ. ಈ ಶ್ರಾವಣಕ್ಕೆ ಅವಳು ತೀರಿಹೋಗಿ ಒಂದು ವರ್ಷ.

ಮಂಗಳವಾರವಂತೂ ಕೇಳಲೇಬೇಡಿ. ಹೊತ್ತು ಹುಟ್ಟುವ ಮೊದಲೇ ಮೈಮೇಲೆ ನೀರು ಸುರಿದುಕೊಂಡು, ಹಣೆ ತುಂಬ ಭಂಡಾರದ ಅರಿಸಿನ ಬಳಿದುಕೊಂಡು, ಪಡಲಗಿ ಎಂಬ ಬಿದಿರಿನ ಪುಟ್ಟ ಬುಟ್ಟಿ ಹಿಡಿದು ಹೊರಟುಬಿಡುತ್ತಿದ್ದಳು. ಐದು ಮನೆಗಳ ಮುಂದೆ ನಿಂತು "ಹುಲಿಗೆಮ್ಮ ತಾಯೀ, ಉಧೋ ಉಧೋ" ಎಂದು ಕೂಗಬೇಕು. ಮನೆಗೊಂದು ಹಿಡಿ ಹಿಟ್ಟು ಬೇಡಿ ತರಬೇಕು. ಆ ಹಿಟ್ಟಿನ ರೊಟ್ಟಿಯಾಗುವ ತನಕ ಬಾಯಿಗೆ ಏನೂ ಹಾಕಬಾರದು. ಇದು ಅವಳ ಹರಕೆ. ಎಂಟು ತಿಂಗಳ ಕೂಸು ಪ್ರಭುರಾಜ ಜ್ವರದಿಂದ ಮೊಲೆ ಹಿಡಿಯದಾದಾಗ ಹುಲಿಗಿಯ ಹೊಳೆಯಲ್ಲಿ ಸೊಂಟಮಟ ನಿಂತು, ಇವನ ಉಸಿರಿರುವ ತನಕ ನಿನ್ನ ಹೆಸರಿನ ಭಿಕ್ಷೆ, ನಿನ್ನ ಜೋಗ ಬೇಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ಕೂಸು ಉಳಿಯಿತು.

ಗಂಡ ಅಂದಪ್ಪನಿಗೆ ಇದು ಸದಾ ನಗೆಯ ಮಾತು.

"ಲೇ, ಕಣದಾಗ ಚೀಲಗಟ್ಲೆ ಜ್ವಾಳ ಬಿದ್ದೈತಿ, ನೀ ಮಂದಿ ಬಾಗ್ಲಾಗ ನಿಂದರ್ತಿ. ಊರಾಗ ನನಗ ಏನಂತಾರ?"

"ಹೆಂಡ್ತಿ ಬೇಡಿ ತಂದದ್ದು ಉಂಡು ಹೊಟ್ಟಿ ಬೆಳೆಸ್ಯಾನ ಅಂತಾರ. ಸುಮ್ಕ ಉಣ್ರಿ."

ಪ್ರಭುರಾಜ ದೊಡ್ಡವನಾಗಿ ಕೊಪ್ಪಳದಲ್ಲಿ ಹೈಸ್ಕೂಲು ಮಾಸ್ತರನಾದ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಅಪ್ಪ ಅವ್ವನನ್ನು ಕರೆಸಿಕೊಂಡ. ಅಲ್ಲಿ ಮನೆಮನೆಗೂ ಕಬ್ಬಿಣದ ಗೇಟು. ಕಳಕಮ್ಮ ಗೇಟಿನ ಹೊರಗೆ ನಿಂತೇ ಕೂಗಿದಳು. ಯಾರೋ ಹತ್ತು ರೂಪಾಯಿ ನೋಟು ಚಾಚಿದರೆ, "ರೊಕ್ಕ ಬ್ಯಾಡವ್ವಾ, ಹಿಟ್ಟು" ಎಂದಳು. ಎರಡು ತಿಂಗಳಲ್ಲಿ ಓಣಿಯ ಹೆಂಗಸರು ಮಂಗಳವಾರಕ್ಕೆಂದು ಬಟ್ಟಲಲ್ಲಿ ಹಿಟ್ಟು ತೆಗೆದಿಡಲು ಕಲಿತರು. ಮಗ ಮಾತ್ರ ಅಂದು ಹಿಂದಿನ ಓಣಿಯಿಂದ ಸ್ಕೂಟರ್ ಹೊರಡಿಸುತ್ತಿದ್ದ. ಅವನ ಜೊತೆಯ ಮಾಸ್ತರರೂ ಅದೇ ಓಣಿಯವರಲ್ಲವೇ!

ಮುಂದಿನದನ್ನು ಸೊಸೆ ಶೈಲಜಾ ನನಗೆ ಹೇಳಿದ್ದು.

ಕೊನೆಯ ಬೇಸಿಗೆಯಲ್ಲಿ ಕಳಕಮ್ಮ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಮೊದಲೇ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಜೀವಕ್ಕೇ ಸಂಚಕಾರ. ಹಾಸಿಗೆ ಹಿಡಿದ ಮೇಲಿನ ಮೊದಲ ಮಂಗಳವಾರ ಅವಳು ಮುಳ್ಳಿನ ಮೇಲೆ ಮಲಗಿದಂತೆ ಹೊರಳಾಡಿದಳು.

"ಪ್ರಭೂ, ಬಿಸ್ಲು ಏರಾಕತ್ತೈತಿ. ಪಡಲಗಿ ಹಿಡಕೊಂಡು ನೀನ ಹೋಗಪ್ಪಾ."

"ಆತು ಬಿಡಬೇ" ಎಂದು ಅವನು ಹೋದ. ಹೋದದ್ದು ಓಣಿಗಲ್ಲ, ಪೇಟೆಯ ಗಿರಣಿಗೆ. ಜೋಳದ ಹಿಟ್ಟು ಕೊಂಡು ಬುಟ್ಟಿ ತುಂಬಿಸಿ, ಒಂದು ತಾಸು ಅಲ್ಲಿ ಇಲ್ಲಿ ನಿಂತು ಬಂದ. ಕಳಕಮ್ಮ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿದಳು.

"ಯಾರ್ಯಾರ ಮನಿಗೆ ಹೋಗಿದ್ದಿ?"

ಅವನು ಐದು ಹೆಸರು ಹೇಳಿದ.

"ಜರೀನಾ ಜ್ವಾಳಕ್ಕ ಸಜ್ಜಿ ಕೂಡಸ್ತಾಳ. ಮಲ್ಲೇಶ್ವರಿ ಹಿಟ್ಟು ಸಾಣಿಸಂಗಿಲ್ಲ, ರವಾ ಇದ್ದಂಗ ಇರತೈತಿ. ಇದು ಪೂರಾ ಒಂದ ಬಣ್ಣ, ಒಂದ ನುಣುಪು ಐತಲ್ಲೋ ಮಾಸ್ತರ."

ಬುಟ್ಟಿ ಸರಿಸಿ ಗೋಡೆಗೆ ಮುಖ ಮಾಡಿದಳು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಶೈಲಜಾ ಬಾಳೆಹಣ್ಣು ಸುಲಿದು, "ಅತ್ತೀ, ಗುಳಿಗಿ ಸಲುವಾಗಿ ಒಂದು ತುತ್ತರೆ ತಿನ್ರಿ" ಎಂದರೆ ತುಟಿ ಬಿಚ್ಚಲಿಲ್ಲ. ಹಣೆಯಲ್ಲಿ ಬೆವರು ಸಾಲಿಟ್ಟಿತು. ಪಡಸಾಲೆಗೂ ಅಂಗಳಕ್ಕೂ ಎಡತಾಕುತ್ತಿದ್ದ ಅಂದಪ್ಪ ಒಳಗೆ ಬಂದ.

"ಆ ಬುಟ್ಟಿ ಇತ್ಲಾಗ ತಾ. ನಾ ಬೇಡಿ ತರ್ತೀನಿ."

"ಹರಕಿ ನಿಮ್ಮ ಉಸುರಿಂದಲ್ರೀ, ಅವಂದು" ಎಂದಳು, ಗೋಡೆ ನೋಡುತ್ತಲೇ.

ಪ್ರಭುರಾಜ ಬುಟ್ಟಿ ಝಾಡಿಸಿ ಹೊರಟ. ಮಲ್ಲೇಶ್ವರಿಯ ಗೇಟಿನ ಮುಂದೆ ನಿಂತರೆ ಗಂಟಲೇ ಏಳದು. ತುಟಿಯಲ್ಲೇ ಏನೋ ಅಂದ. ಅವಳು ಬಟ್ಟಲು ಹಿಡಿದೇ ಹೊರಗೆ ಬಂದಳು.

"ಅದೇನ್ರಿ ಸರ್ ಕಿಸೆದಾಗ ಮಾತಾಡ್ತೀರಿ? ಸಾಲ್ಯಾಗ ನೀವು ಒದರಿದ್ರ ಊರಿಗೆಲ್ಲಾ ಕೇಳಸ್ತೈತಿ! ಅಮ್ಮಾರು ಹೆಂಗದಾರ್ರಿ? ಮುಂಜಾನಿಂದ ದಾರಿ ನೋಡಾಕತ್ತೀನಿ."

ಎರಡನೆಯ ಮನೆ ಅವನ ಹೆಡ್ ಮಾಸ್ತರರದು. ಅಲ್ಲಿಯೂ ದನಿ ಹೊರಡಲಿಲ್ಲ, ಅವರ ಹೆಂಡತಿ ಬುಟ್ಟಿ ನೋಡಿಯೇ ಹಿಟ್ಟು ಹಾಕಿದರು. ಆಮೇಲೆ ಅವ್ವನ ಬೆವರು ನೆನಪಾಯಿತೋ ಏನೋ, ಮೂರನೆಯ ಗೇಟಿನಲ್ಲಿ ಅವನು ಕೂಗಿದ್ದು ತನ್ನ ಮನೆಯ ಒಲೆಯ ಮುಂದಿದ್ದ ಶೈಲಜಾಳಿಗೂ ಕೇಳಿಸಿತು. ಅವಳು ರೊಟ್ಟಿಗೆ ಹಂಚು ಇಟ್ಟಳು.

ಮಧ್ಯಾಹ್ನ ದಾಟುವ ಮೊದಲು ರೊಟ್ಟಿ ಬಂತು. ಮೊದಲ ತುತ್ತು ಇಳಿದ ಮೇಲೆ ಕಳಕಮ್ಮ ಕೇಳಿದಳು, "ಎಷ್ಟನೇ ಮನಿಗೆ ಬಾಯಿ ಬಿಚ್ಚಿದಿ?"

"ಮೂರನೇದಕ್ಕ."

"ಶಾಣ್ಯಾ ಅದಿ. ನನಗ ಒಂದು ವರ್ಷ ಹಿಡೀತು. ನಾಚಿಕಿ ಬಂದು, ಮೊದ್ಲ ಮೊದ್ಲ ನಮ್ಮ ಡಬ್ಬಿ ಹಿಟ್ಟ ಬುಟ್ಟಿಗೆ ಹಾಕ್ಕೊಂಡು, ಹಳ್ಳದ ತನಕ ಹೋಗಿ ಬರ್ತಿದ್ದೆ. ದೇವಿ ಏನೂ ಅನ್ನಲಿಲ್ಲ. ಆದ್ರ ನೀ ಒಂದು ಸಲ ಕೆಮ್ಮಿದ್ರ ಸಾಕು, ನನ್ನ ಎದಿ ಹಾರತಿತ್ತು. ಕುಂತಲ್ಲಿ ಕುಂದ್ರಾಕ ಆಗ್ತಿದ್ದಿಲ್ಲ."

ಬಾಗಿಲಲ್ಲಿ ನಿಂತಿದ್ದ ಅಂದಪ್ಪ ಹುಬ್ಬೇರಿಸಿದ. "ಹಂಗಾರ ಆ ವರ್ಷ ಪೂರಾ ನೀ ನನಗ ಉಣಿಸಿದ್ದು ನಮ್ಮ ಹಿಟ್ಟ?"

"ಹೂನ್ರಿ. ಅದ್ಕ ಹೊಟ್ಟಿ ಬೆಳೆದೈತಿ."

ರೊಟ್ಟಿ ಮುರಿದು ಅರ್ಧ ಅವನ ಕೈಗಿಟ್ಟು, ಮಗನ ಕಡೆ ತಿರುಗಿದಳು.

"ಮುಂದಿನ ವಾರ ಮೊದಲ್ನೇ ಮನಿಯಿಂದನ ಒದರು. ನನಗ ಇಲ್ಲಿ ಕೇಳಸಬೇಕು."