ಕುಲುಮೆಗೆ ಬಂದ ಗಾಲ್ಫ್ ಕೋಲುಗಳು

೧೯೭೮ರ ಬೇಸಿಗೆಯಲ್ಲಿ ಕುದುರೆ ಡಾಕ್ಟರು ಶಿವರಾಮಯ್ಯ ಕುಣಿಗಲ್ಲಿನ ಒಂದು ಕುಲುಮೆಗೆ ಚೀಲವೊಂದನ್ನು ತಂದರು. ಒಳಗೆ ಏಳು ಗಾಲ್ಫ್ ಕೋಲುಗಳು. ಕಬ್ಬಿಣದ ತಲೆಗಳು ಗಟ್ಟಿಯಾಗಿದ್ದವು. ಉಕ್ಕಿನ ಕೊಳವೆಗಳು ಮಾತ್ರ ತುಕ್ಕು ತಿಂದಿದ್ದವು. ಹೊಸ ಕೊಳವೆಗಳನ್ನು ಅವರೇ ಬೆಂಗಳೂರಿನಿಂದ ತರಿಸಿದ್ದರು; ಅವನ್ನು ಹಳೆಯ ತಲೆಗಳಿಗೆ ಕೂರಿಸಿಕೊಡಬೇಕಿತ್ತು.

"ಇದು ನಮ್ ಕೆಲ್ಸ ಅಲ್ಲ ಸಾ," ಎಂದ ಕಮ್ಮಾರ ಚಿಕ್ಕಬೋರಯ್ಯ.

ಅವನ ಹೆಂಡತಿ ಪುಟ್ಟತಾಯಮ್ಮ ಆಗಲೇ ಒಂದು ಕೋಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಮದುವೆಯಾಗಿ ಬಂದಾಗ ತಿದಿ ಒತ್ತುವುದಷ್ಟೇ ಅವಳ ಪಾಲಿನ ಕೆಲಸ. ಬರಬರುತ್ತ ಗುದ್ದಲಿ, ಕೊಡಲಿ, ಕುಡುಗೋಲಿಗೆ ಮರದ ಕಾವು, ಹಿಡಿ ಹಾಕುವುದೆಲ್ಲ ಅವಳದೇ ಆಗಿತ್ತು.

"ಬೆಣೆ ಇಲ್ಲ, ಮೊಳೆ ಇಲ್ಲ. ಎಂಗ್ ನಿಂತೈತೆ ಇದು? ಬುಟ್ಟೋಗಿ ಸಾ, ನೋಡ್ತೀನಿ."

ಬೂದಿ ಹಾಕಿ ಉಜ್ಜಿದಾಗ ತಲೆಯ ಕತ್ತಿನಲ್ಲಿ ಸಾಸಿವೆಯಷ್ಟು ಚುಕ್ಕೆ ಕಂಡಿತು. ಅಡ್ಡ ಹೊಡೆದ ಪಿನ್ನು! ಅದನ್ನು ತಟ್ಟಿ ತೆಗೆದು, ಕತ್ತನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ ತಿರುಚಿದಳು. ಕೊಳವೆ ಕಳಚಿ ಬಂತು. ಒಳಗೆ ಹಳದಿ ಅಂಟಿನ ಪುಡಿ. ಹಳೆಯದರ ಅಳತೆಗೆ ಹೊಸದನ್ನು ಕುಯ್ದು, ಕುಡುಗೋಲಿಗೆ ಹಾಕುವಂತೆ ಅರಗು ಕರಗಿಸಿ ಕೂರಿಸಿದಳು. ಅರಗು ಇರುವಾಗ ಪಿನ್ನು ಯಾಕೆಂದು ಅದನ್ನು ಬಿಟ್ಟಳು. ಉಳಿದ ಆರನ್ನು ಮುಟ್ಟಲಿಲ್ಲ.

ಭಾನುವಾರ ಕೆರೆಯಂಗಳದಲ್ಲಿ ಗಂಡ ಹೆಂಡತಿಯ ಎದುರಿಗೇ ಡಾಕ್ಟರು ಅದನ್ನು ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ತಲೆ ಹಾರಿ ಹೋಗಿ ನೀರಿಗೆ ಬಿತ್ತು.

"ಯೋಳ್ಲಿಲ್ವಾ ನಾನು?" ಎನ್ನುತ್ತ ಚಿಕ್ಕಬೋರಯ್ಯ ಪಂಚೆ ಎತ್ತಿಕಟ್ಟಿ, ನೀರಿಗಿಳಿದು ಕಾಲಲ್ಲೇ ತಡಕತೊಡಗಿದ.

ಪುಟ್ಟತಾಯಮ್ಮನಿಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. "ಸಾ, ಹಳೇದೊಂದ್ ತಕ್ಕೊಂಡ್ ಬೀಸಿ. ವಸಿ ನೋಡ್ಬೇಕು."

ಅವಳು ಕುಕ್ಕರುಗಾಲಲ್ಲಿ ಕೂತು, ಅವರ ತೋಳು ನೋಯುವಷ್ಟು ಸಲ ಬೀಸಿಸಿದಳು. ಕೊನೆಗೆ ಕೂಗಿದಳು: "ಅಯ್, ಇದು ಬಳುಕ್ತೈತೆ ಸಾ! ಕುಡ್ಗೋಲ್ ಹಿಡಿ ಬಳ್ಕಲ್ಲ. ಹಿಂಗ್ ಬಳುಕಿದ್ರೆ ಅರಗು ಚೂರಾಗ್ದೆ ಇನ್ನೇನಾಯ್ತದೆ?"

"ಹಾಗಾದ್ರೆ ಏನಮ್ಮ ಮಾಡೋದು?" ಎಂದರು ಡಾಕ್ಟರು.

"ಎರಡು ಟ್ಯೂಬಿನ ಅಂಟು ಬರ್ತದಲ್ಲ, ಕಲಸಿ ಹಚ್ಚೋದು, ಅದ್ನ ತರ್ಸಿ. ಪಿನ್ನೂ ಹೊಡೀತೀನಿ."

ಅಷ್ಟರಲ್ಲಿ ಚಿಕ್ಕಬೋರಯ್ಯ ಕೆಸರು ಮೆತ್ತಿದ ತಲೆಯನ್ನು ಎತ್ತಿ ಹಿಡಿದಿದ್ದ.

ಅಂಟು ತುಮಕೂರಿನಿಂದ ಬಂತು. ಏಳು ಕೋಲಿನ ಉದ್ದವೂ ಬೇರೆ ಬೇರೆ ಎಂದು ಅವಳಿಗೆ ತಿಳಿದದ್ದು ಆಗಲೇ. ಒಂದೊಂದನ್ನೂ ಅದರದರ ಹಳೆಯ ಕೊಳವೆಯ ಪಕ್ಕದಲ್ಲಿಟ್ಟು ಕುಯ್ದಳು. ಎರಡು ದಿನ ಒಣಗಲು ಬಿಟ್ಟಳು. ಈ ಸಲ ಡಾಕ್ಟರು ಎಷ್ಟು ಬೀಸಿದರೂ ಒಂದು ತಲೆಯೂ ಅಲುಗಲಿಲ್ಲ.

ಖುಷಿಯಿಂದ ಅವಳ ಕೈಗೇ ಕೋಲು ಕೊಟ್ಟರು. ಮೊದಲ ಏಟು ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಚೆಂಡು ಹತ್ತು ಮಾರು ಉರುಳಿತು.

"ಇದ್ರಾಗೆ ಸುಖ ಏನೈತೆ ಸಾ?" ಎಂದು ನಿಜಕ್ಕೂ ಕೇಳಿದಳು. ಡಾಕ್ಟರು ಉರುಳಿದ ಚೆಂಡನ್ನು ತರಲು ಹೊರಟರು.

ಆಮೇಲೆ ಅವರ ಬೆಂಗಳೂರಿನ ಸ್ನೇಹಿತರ ಚೀಲಗಳೂ ಬರತೊಡಗಿದವು. ಪುಟ್ಟತಾಯಮ್ಮ ಗುಬ್ಬಿಯಲ್ಲಿದ್ದ ತಂಗಿಯ ಮನೆಗೆ ಹೋದಾಗ ಅದೆಂಥ ಆಟವೆಂದು ಎಲ್ಲರೂ ಕೇಳುತ್ತಿದ್ದರು. ಅವಳಿಗೆ ಆಟ ಗೊತ್ತಿರಲಿಲ್ಲ. ಉಕ್ಕು ಬಳುಕುವ ಬಗೆಯನ್ನು ಮಾತ್ರ ತಟ್ಟೆಯ ಮುದ್ದೆ ಆರುವವರೆಗೂ ವಿವರಿಸುತ್ತಿದ್ದಳು.