ಕೇಳದೆ ಕೊಟ್ಟ ಬಡ್ತಿ

ಆ ಶನಿವಾರ ಸಂಜೆ ಇಸ್ತ್ರಿಯಕ್ಕ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳ ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. ಮುಖದ ತುಂಬ ನಗು. ಆ ನಗುವನ್ನು ಕಂಡೊಡನೆ ಅವಳು ಅವನ ಹೆಗಲಾಚೆ ಮನೆಯೊಳಗೆ ಇಣುಕಿದಳು. ಅವನು ಹಾಗೆ ನಕ್ಕಾಗಲೆಲ್ಲ ಮನೆಯಲ್ಲಿ ಅವಳದೊಂದು ವಸ್ತು ಕಾಣೆಯಾಗಿರುತ್ತಿತ್ತು.

ಒಮ್ಮೆ ಹಾಗೆ ನಕ್ಕ ದಿನ ಅವಳು ಕಾಲಿನಿಂದ ತುಳಿಯುತ್ತಿದ್ದ ಹೊಲಿಗೆ ಯಂತ್ರ ಮಾಯವಾಗಿ, ಅದರ ಜಾಗದಲ್ಲಿ ಕರೆಂಟಿನದೊಂದು ಕುಳಿತಿತ್ತು. "ಇನ್ನು ಕಾಲು ನೋಯಿಸ್ಕೋಬೇಡ ಅಕ್ಕಾ" ಎಂದಿದ್ದ. ಕಾಲು ನೋಯುತ್ತದೆಂದು ಅವಳು ಯಾರಿಗೂ ಹೇಳಿರಲಿಲ್ಲ, ನೋಯುತ್ತಲೂ ಇರಲಿಲ್ಲ. ಇನ್ನೊಮ್ಮೆ ನಕ್ಕ ದಿನ ಅವಳ ಕೋಣೆಯ ಬಿಳಿ ಗೋಡೆಗಳು ಗುಲಾಬಿಗೆ ತಿರುಗಿದ್ದವು. ಎರಡು ಸಲವೂ ಅವಳು ಸಂತೋಷಪಟ್ಟಂತೆ ಮುಖ ಮಾಡಬೇಕಾಯಿತು. ಹೊಡೆಯಲು ಬಂದವನ ಕೈ ಹಿಡಿಯಬಹುದು. ತಲೆ ಸವರುತ್ತಲೇ ಕೂದಲು ಕೀಳುವವನ ಕೈಯನ್ನು ಹಿಡಿಯುವುದು ಹೇಗೆ?

"ಅಕ್ಕಾ, ಕಣ್ಣು ಮುಚ್ಚು."

"ಏನು ಮಾಡಿದೆಯೋ?"

"ಮುಚ್ಚು ಅಂದ್ರೆ ಮುಚ್ಚು."

"ಚಪ್ಪಲಿ ಬಿಡೋಕಾದ್ರೂ ಬಿಡ್ತೀಯೋ ಇಲ್ವೋ?"

ಅವನು ಏನು ಮಾಡಿದ್ದನೆಂದು ತಿಳಿಯಬೇಕಾದರೆ ಅವಳು ಏನನ್ನು ಕಟ್ಟಿದ್ದಳೆಂಬುದನ್ನು ಮೊದಲು ತಿಳಿಯಬೇಕು.

ಊರಿನ ಹೋಟೆಲುಗಳ ಹಾಸು ಹೊದಿಕೆಗಳನ್ನೆಲ್ಲ ಒಗೆದು ಕೊಡುವ ದೊಡ್ಡ ಲಾಂಡ್ರಿಯೊಂದರಲ್ಲಿ ಅವಳಿಗೆ ಕೆಲಸ. ತಾಯಿ ತೀರಿಕೊಂಡಾಗ ಅವಳಿಗೆ ಹದಿನೇಳು, ತಮ್ಮನಿಗೆ ಆರು. ಅದೇ ವರ್ಷ ಅಲ್ಲಿಗೆ ಸೇರಿದವಳು ಈಗ ನಲವತ್ತಾರನ್ನು ಮುಟ್ಟಿದ್ದಳು. ಒಂದು ಕಡೆಯಿಂದ ಒದ್ದೆ ಹಾಸನ್ನು ನುಂಗಿ ಇನ್ನೊಂದು ಕಡೆಯಿಂದ ಗರಿಗರಿಯಾಗಿ ಹೊರಹಾಕುವ ಬಿಸಿ ಉರುಳೆಯ ಮುಂದೆ ಅವಳ ಯೌವನವೆಲ್ಲ ಕಳೆದಿತ್ತು. ಅಲ್ಲಿಂದಲೇ ಇಸ್ತ್ರಿಯಕ್ಕ ಎಂಬ ಹೆಸರು ಬಂದದ್ದು. ತಮ್ಮನನ್ನು ಓದಿಸಿದಳು. ಅವನು ಪೀಠೋಪಕರಣಗಳ ಅಂಗಡಿಯಲ್ಲಿ ಮಾರಾಟಗಾರನಾದ, ಮದುವೆಯಾದ. ಮನೆ ಒಂದೇ ಆಗಿ ಉಳಿಯಿತು, ಒಲೆಯೂ ಒಂದೇ. ಅವಳು ಮದುವೆಯಾಗಲಿಲ್ಲ. ಏಕೆಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು, ಮುಂದೆ ಮಾತು ಬೆಳೆಯಲು ಬಿಡುತ್ತಿರಲಿಲ್ಲ.

ಟಿವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆಯನ್ನು ತಮ್ಮ ತನಗೆಂದೇ ತಂದಿದ್ದ. ಫುಟ್ಬಾಲ್ ಆಟದಲ್ಲಿ ಎಲ್ಲಕ್ಕಿಂತ ಶ್ರೀಮಂತ ತಂಡವನ್ನು ಆರಿಸಿಕೊಂಡ, ಕಣ್ಣಿಗೆ ಬಿದ್ದ ಒಳ್ಳೆಯ ಆಟಗಾರರನ್ನೆಲ್ಲ ಕೊಂಡ, ಇದ್ದ ಬಹುಮಾನವನ್ನೆಲ್ಲ ಗೆದ್ದ. ಆಮೇಲೆ ಬೇಸರವಾಗಿ ಬಿಟ್ಟುಬಿಟ್ಟ. ಗೆಲ್ಲದೆ ಇರಲು ಸಾಧ್ಯವೇ ಇಲ್ಲದ ಕಡೆ ಗೆಲ್ಲುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಒಂದು ಭಾನುವಾರ ಅವನ ಪಕ್ಕ ಕುಳಿತು ನೋಡುತ್ತಿದ್ದ ಅಕ್ಕ ಕೇಳಿದಳು:

"ಇದರಲ್ಲಿ ಬಡ ತಂಡ ಇಲ್ವೇನೋ?"

ಇದ್ದವು. ಕೆರಿಯರ್ ಮೋಡ್ ಎಂಬ ಆ ಬಗೆಯ ಆಟದಲ್ಲಿ ನಾವು ಒಂದು ತಂಡದ ಮ್ಯಾನೇಜರು. ಯಾರನ್ನು ಆಡಿಸುವುದು, ಯಾರನ್ನು ಕೂರಿಸುವುದು, ಯಾರಿಗೆ ಏನನ್ನು ಕಲಿಸುವುದು, ಎಲ್ಲವೂ ನಮ್ಮ ಹೊಣೆ. ವರ್ಷದಿಂದ ವರ್ಷಕ್ಕೆ ಆಟಗಾರರಿಗೆ ವಯಸ್ಸಾಗುತ್ತದೆ, ಮಕ್ಕಳು ಬಂದು ಸೇರುತ್ತಾರೆ, ಗೆದ್ದ ತಂಡ ಮೇಲಿನ ಡಿವಿಜನ್ನಿಗೆ ಹತ್ತುತ್ತದೆ, ಸೋತದ್ದು ಇಳಿಯುತ್ತದೆ. ಇಸ್ತ್ರಿಯಕ್ಕ ನಾಲ್ಕನೇ ಡಿವಿಜನ್ನಿನ ಪಟ್ಟಿಯಲ್ಲಿ ಕಟ್ಟಕಡೆಗಿದ್ದ ತಂಡವನ್ನು ಆರಿಸಿದಳು. ಅದರ ಮೈದಾನದ ಒಂದು ಬದಿಗೆ ಚಾವಣಿಯೇ ಇರಲಿಲ್ಲ. ಅಂಗಿ ಹಳದಿ, ಚಡ್ಡಿ ಕಂದು. ಒಗೆದರೆ ಬಣ್ಣ ಬಿಡುವ ಜೋಡಿ ಎಂದು ನೋಡಿದ ಕೂಡಲೇ ಹೇಳಿದಳು.

ಸಂಜೆ ಆರರಿಂದ ತಮ್ಮ ಅಂಗಡಿಯಿಂದ ಬರುವವರೆಗೆ ಟಿವಿ ಅವಳದು. ಆಟಗಾರರಿಗೆಲ್ಲ ಅವಳೇ ಹೆಸರಿಟ್ಟಳು. ಮೂವತ್ತೆಂಟು ತುಂಬಿದ ಗೋಲ್‌ಕೀಪರನಿಗೆ ಅಜ್ಜ. ಎದುರಾಳಿಗಳು ಬಂದು ಬಡಿದುಕೊಳ್ಳುತ್ತಿದ್ದ ನಾಯಕನಿಗೆ ಗೋಡೆ. ಮಕ್ಕಳ ತಂಡದಿಂದ ಹದಿನಾರರ ವಯಸ್ಸಿನಲ್ಲಿ ಮೇಲೆ ಬಂದ, ಎಡ ಅಂಚಿನಲ್ಲಿ ಓಡುತ್ತಿದ್ದ ಹುಡುಗನಿಗೆ ಕಡ್ಡಿ. ಇವನಿಂದ ಹೆಚ್ಚೇನೂ ಆಗದು ಎಂದು ಪರದೆಯ ಅಂಕಿಗಳು ಹೇಳುತ್ತಿದ್ದವು. ಅವಳು ಅಂಕಿಗಳನ್ನು ಓದಿ, ಪಕ್ಕಕ್ಕಿಟ್ಟು, ಅವನನ್ನೇ ಆಡಿಸಿದಳು. ಆಟದೊಳಗಿನ ಮೊದಲ ಮೂರು ವರ್ಷ ಸೋತದ್ದೇ ಹೆಚ್ಚು. ನಾಲ್ಕನೆಯ ವರ್ಷ ಕಡ್ಡಿಯ ಕಾಲಿಗೆ ಬುದ್ಧಿ ಬಂತು.

ದೊಡ್ಡ ತಂಡಗಳಿಂದ ಅವಳಿಗೆ ಕರೆ ಬರತೊಡಗಿದ್ದೂ ಆಗಲೇ. "ನಮ್ಮ ಮ್ಯಾನೇಜರಾಗಿ ಬನ್ನಿ" ಎಂಬ ಸಂದೇಶ ಪರದೆಯ ಮೇಲೆ ಮೂಡಿದಾಗಲೆಲ್ಲ ಅವಳು ಒಲ್ಲೆನೆಂಬ ಗುಂಡಿ ಒತ್ತುತ್ತಿದ್ದಳು.

"ಅಯ್ಯೋ ಅಕ್ಕಾ, ಎರಡನೇ ಡಿವಿಜನ್ ಅದು!" ಎಂದು ತಮ್ಮ ತಲೆ ಚಚ್ಚಿಕೊಂಡಿದ್ದ.

"ಕರೆದೋರ ಮನೆಗೆಲ್ಲ ಹೋಗೋಕೆ ನಾನೇನು ನೆಂಟಳೇನೋ? ಇಲ್ಲಿ ನನ್ನ ಕೆಲಸ ಮುಗಿದಿಲ್ಲ."

ಆರನೆಯ ವರ್ಷ ತಂಡ ಪಟ್ಟಿಯಲ್ಲಿ ಮೇಲೆ ಬಂದು, ಮೂರನೇ ಡಿವಿಜನ್ನಿಗೆ ಹತ್ತಲು ಒಂದೇ ಒಂದು ಪಂದ್ಯ ಉಳಿಯಿತು. ಅದು ಫೈನಲ್. ಶುಕ್ರವಾರ ಸಂಜೆ ಅಷ್ಟಕ್ಕೆ ನಿಲ್ಲಿಸಿದಳು. ಆ ಪಂದ್ಯವನ್ನು ದಣಿದ ಕೈಯಲ್ಲಿ ಆಡಬಾರದು. ಭಾನುವಾರ ರಜೆ, ತಲೆಗೆ ನೀರು ಹಾಕಿಕೊಂಡು, ಯಾರ ಗಡಿಬಿಡಿಯೂ ಇಲ್ಲದೆ ಕೂತು ಆಡಬೇಕು ಎಂದುಕೊಂಡಳು. ಅಷ್ಟರಲ್ಲಿ ಒಂದನೇ ಡಿವಿಜನ್ನಿನ ತಂಡವೊಂದರ ಕರೆಯೂ ಬಂದಿತ್ತು. ಫೈನಲ್ ಮುಗಿಸಿಯೇ ಒಲ್ಲೆನೆಂದರಾಯಿತೆಂದು ಅದನ್ನು ಹಾಗೇ ಬಿಟ್ಟಿದ್ದಳು. ಅವಳು ಮಾಡಿದ ತಪ್ಪು ಅದೊಂದೇ, ಅದನ್ನು ತಪ್ಪೆನ್ನುವುದಾದರೆ.

ಈಗ ಕಣ್ಣು ತೆರೆದರೆ ಟಿವಿಯಲ್ಲಿ ಅರಮನೆಯಂತಹ ಮೈದಾನವೊಂದು ಥಳಥಳಿಸುತ್ತಿತ್ತು. "ಹೊಸ ಮ್ಯಾನೇಜರಿಗೆ ಸ್ವಾಗತ" ಎಂಬ ಬರಹದ ಕೆಳಗೆ ಅವಳದೇ ಹೆಸರು.

"ಒಂದನೇ ಡಿವಿಜನ್ ಅಕ್ಕಾ! ನೀನು ಬೇಡ ಬೇಡ ಅಂತ್ಲೇ ಕೂತಿರ್ತಿದ್ದೆ. ನಾನೇ ಒಪ್ಕೊಂಡ್ಬಿಟ್ಟೆ. ಹೆಂಗೆ?"

ಅವಳು ಕೈಚೀಲವನ್ನು ಕೆಳಗಿಡಲಿಲ್ಲ.

"ಹಿಂದಕ್ಕೆ ತಿರುಗಿಸು."

"ಆಗಲ್ಲ. ತಾನಾಗೇ ಸೇವ್ ಆಗ್ಬಿಡುತ್ತೆ ಅದು."

"ಫೈನಲ್?"

"ಯಾವ ಫೈನಲ್?"

ಕಟುಕನಿಗಾದರೂ ತಾನು ಕಡಿದದ್ದು ಏನೆಂದು ಗೊತ್ತಿರುತ್ತದೆ.

"ಹೀಗ್ಯಾಕೆ ಮುಖ ಮಾಡ್ತೀಯಾ? ಆಟ ತಾನೇ ಅಕ್ಕಾ!"

ಆಟ ತಾನೇ. ಆ ಎರಡು ಮಾತನ್ನು ಆಡುವ ಹಕ್ಕು ಅವನಿಗೆಲ್ಲಿಂದ ಬಂತು? ಅವನು ಮೆಚ್ಚಿದ ತಂಡ ಟಿವಿಯಲ್ಲಿ ಸೋತ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುವಂತಿರಲಿಲ್ಲ. ಹೆಂಡತಿ ತಟ್ಟೆಯನ್ನು ಸದ್ದಾಗದಂತೆ ಇಡಬೇಕಿತ್ತು. ಅಕ್ಕ ಅವನ ಬೆನ್ನು ತಟ್ಟಬೇಕಿತ್ತು. ಎಲ್ಲೋ ಯಾರೋ ಆಡಿದ್ದು ಅವನಿಗೆ ಜೀವನ್ಮರಣದ ಪ್ರಶ್ನೆ. ಅವಳು ಆರು ವರ್ಷದ ಲೆಕ್ಕದಲ್ಲಿ ಕೈಯಾರೆ ಕಟ್ಟಿದ್ದು ಮಾತ್ರ ಆಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆನ್ನುವವನನ್ನಾದರೂ ಸಹಿಸಬಹುದು. ಇವನು ಪರರು ಹಿಡಿದ ಮೊಲದ ಕಾಲನ್ನೂ ತಾನೇ ಎಣಿಸುವವನು.

ಅವಳು ಊಟ ಮಾಡದೆ ಮಲಗಿದಳು.

ಭಾನುವಾರ ತಲೆಗೆ ನೀರು ಹಾಕಿಕೊಂಡು ಬಂದು ಟಿವಿ ಹಚ್ಚಿ, ಆ ದೊಡ್ಡ ತಂಡದ ಮ್ಯಾನೇಜರಾಗಿಯೇ ಆಟವನ್ನು ಒಂದೆರಡು ದಿನ ಮುಂದಕ್ಕೆ ನಡೆಸಿದಳು. ಬೇರೆ ದಾರಿಯಿರಲಿಲ್ಲ. ಫೈನಲಿನ ಫಲ ಸುದ್ದಿಯ ಪುಟದಲ್ಲಿ ಬಂತು. ಅವಳ ತಂಡ ಎರಡು ಒಂದರಿಂದ ಗೆದ್ದಿತ್ತು. ಎರಡೂ ಗೋಲು ಕಡ್ಡಿಯವು.

"ನೋಡಿದ್ಯಾ!" ತಮ್ಮ ಹಿಂದಿನಿಂದ ಚಪ್ಪಾಳೆ ತಟ್ಟಿದ. "ಗೆದ್ದೇಬಿಟ್ರು! ಇನ್ನೇನು ನಷ್ಟ ಆಯ್ತು ಹೇಳು? ನೀನೂ ಮೇಲೆ, ಅವರೂ ಮೇಲೆ."

ಸೋತಿದ್ದರೆ ಅವಳು ಅಳುತ್ತಿದ್ದಳೇನೋ. ಗೆದ್ದದ್ದು ಅವಳ ಬಾಯಿಯನ್ನೇ ಕಟ್ಟಿಹಾಕಿತು. ತಾನು ಸಾಕಿದವರು ಹಾರಾಡಿದ್ದನ್ನು ಒಂದು ಸಾಲಿನ ಸುದ್ದಿಯಾಗಿ ಓದಬೇಕಾಯಿತು. ಅದರ ಮೇಲೆ, ನಷ್ಟವೇನೂ ಆಗಿಲ್ಲವೆಂಬ ತೀರ್ಪನ್ನೂ ಕೇಳಬೇಕಾಯಿತು.

ಸೋಮವಾರ ಲಾಂಡ್ರಿಯಲ್ಲಿ ಹಾಸುಗಳನ್ನು ಮಡಿಸುವಾಗ ಅವಳ ಕೈ ಬಿರುಸಾಗಿತ್ತು. ದೊಡ್ಡ ಹಾಸನ್ನು ಮಡಿಸಲು ಇಬ್ಬರು ಬೇಕು. ಎದುರು ಬದಿಯ ಎರಡು ತುದಿ ಹಿಡಿಯುವವಳನ್ನು ಅಲ್ಲಿ ಜೋಡಿ ಎನ್ನುತ್ತಾರೆ. ಇಸ್ತ್ರಿಯಕ್ಕನ ಜೋಡಿ ಮೂರು ಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲದವಳು.

"ಅಕ್ಕಾ, ಮೆಲ್ಲಗೆ ಎಳಿ. ಹಾಸು ಹರಿದ್ರೆ ನಮ್ಮಿಬ್ಬರ ತಲೆಗೇ ಬರುತ್ತೆ. ಏನಾಯ್ತು?"

ಹೇಳಿದಳು. ಜೋಡಿ ಮೊದಲು ನಕ್ಕಳು.

"ಟಿವಿಯೊಳಗೂ ದುಡಿತೀಯಾ ನೀನು? ಇಲ್ಲಿ ಮಾಡಿದ್ದು ಸಾಲ್ದಾ?"

"ನಗು, ನಗು. ನಿನ್ನ ಹೆಸರಲ್ಲಿ ಯಾರಾದ್ರೂ ಈ ಕೆಲಸ ಬಿಟ್ಟು ಬೇರೆ ಕಡೆ ಒಪ್ಕೊಂಡಿದ್ರೆ?"

ಜೋಡಿಯ ಕೈ ನಿಂತಿತು. ನಗುವೂ ನಿಂತಿತು.

"ನನ್ನ ಹೆಸರಲ್ಲೇ? ಕೈ ಮುರೀತಿದ್ದೆ." ತುಸು ಯೋಚಿಸಿ ಮತ್ತೆ ಹೇಳಿದಳು, "ಹೂಂ, ಮುರೀತಿದ್ದೆ ಅಂತೀನಿ. ನನ್ನ ಗಂಡ ನನ್ನ ಕೂದಲು ಗಿಡ್ಡ ಇದ್ರೆ ಚೆಂದ ಅಂತ ಕಟಿಂಗ್ ಅಂಗಡಿಗೆ ಕರ್ಕೊಂಡು ಹೋಗಿ ಕೂರಿಸಿದ್ನಲ್ಲ, ಏನು ಮಾಡ್ದೆ? ಕೂತೆ. ನೀನೇನು ಅಂದೆ ತಮ್ಮಂಗೆ?"

"ಏನೂ ಅನ್ಲಿಲ್ಲ."

"ಅದೇ ಮತ್ತೆ. ನಾವು ಏನೂ ಅನ್ನಲ್ಲ. ಅವರು, ಓ, ಇವಳಿಗೆ ಖುಷಿಯಾಯ್ತು ಅನ್ಕೋತಾರೆ."

ಆ ಮಾತು ದಿನವಿಡೀ ಇಸ್ತ್ರಿಯಕ್ಕನ ಕಿವಿಯಲ್ಲಿ ಉಳಿಯಿತು.

ಸಂಜೆ ತಮ್ಮ ಬೇಗನೆ ಬಂದಿದ್ದ. ಅಕ್ಕನ ಮೌನ ಅವನಿಗೂ ಚುಚ್ಚುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಚುಚ್ಚಿದಾಗ ಅವನಿಗೆ ತಿಳಿದಿದ್ದ ಮದ್ದು ಒಂದೇ, ಇನ್ನೊಂದು ಉಪಕಾರ.

"ಅಕ್ಕಾ, ದಾರಿ ಸಿಕ್ತು. ಈಗ ನಿನ್ನ ತಂಡದ ಹತ್ರ ರಾಶಿ ದುಡ್ಡಿದೆ. ಆ ಕಡ್ಡೀನ ಕೊಂಡ್ಕೊ. ಗೋಡೇನೂ ಕೊಂಡ್ಕೊ. ಎಲ್ಲರನ್ನೂ ಇಲ್ಲಿಗೇ ಎತ್ಕೊಂಡು ಬಾ! ತಡಿ, ನಾನೇ ಹಾಕ್ತೀನಿ," ಎಂದು ಕಂಟ್ರೋಲರಿಗೆ ಕೈ ಚಾಚಿದ.

ಅವಳು ಅದನ್ನು ಮಡಿಲಿಗೆ ಎಳೆದುಕೊಂಡಳು.

"ಅವನನ್ನ ಕೇಳಿದ್ಯಾ?"

"ಯಾರನ್ನ?"

"ಕಡ್ಡೀನ. ಬರ್ತೀಯೇನಪ್ಪ, ಇಲ್ಲಿ ಬೆಂಚಿನ ಮೇಲೆ ಕೂರ್ತೀಯಾ ಅಂತ."

ತಮ್ಮ ಹೆಂಡತಿಯ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವಳು ನೆಲ ನೋಡಿದಳು.

"ಅಕ್ಕಾ, ಅವನು ಟಿವಿಯೊಳಗಿನ ಗೊಂಬೆ ಕಣೇ. ಅವನನ್ನ ಕೇಳೋದೇನು?"

"ಸರಿ, ಅವನು ಗೊಂಬೆ. ನಾನು?"

ತಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ನಿನ್ನ ಒಳ್ಳೇದಕ್ಕೇ ಮಾಡ್ದೆ. ನೀನು ಯಾವಾಗ್ಲೂ ಕೆಳಗೇ ಇರ್ತೀನಿ ಅಂತ ಕೂರ್ತೀಯಾ. ಯಾರಾದ್ರೂ ತಳ್ಳಬೇಕಲ್ಲ?"

"ಒಳ್ಳೇದಕ್ಕೆ ಅಂದ್ರೆ ಮೊದಲು ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ!"

"ಹೂಂ, ಅಂತಿದ್ದೆ. ಅದು ನಿನಗೆ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ. ಹೊಲಿಗೆ ಮಿಷಿನ್ನೂ ಅಷ್ಟೇ, ಗೋಡೆ ಬಣ್ಣಾನೂ ಅಷ್ಟೇ. ನೀನು ಮರೆತು ಕೇಳದೆ ಇದ್ದಿದ್ದಲ್ಲ ಕಣೋ, ತಿಳಿದೂ ಕೇಳದೆ ಇದ್ದಿದ್ದು."

ಇಪ್ಪತ್ತೊಂಬತ್ತು ವರ್ಷ ಅವನಿಗೆ ಉಣಿಸಿ ತೊಡಿಸಿದವಳು ಹಾಗೆ ಮಾತನಾಡಿದ್ದು ಅದೇ ಮೊದಲು.

ಅವನ ಎದುರಿಗೇ ಅವಳು ಆ ಅರಮನೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು. ಖಚಿತವೇ ಎಂದು ಆಟ ಕೇಳಿತು. ಆ ಮನೆಯಲ್ಲಿ ಅವಳನ್ನು ಹಾಗೆ ಕೇಳುತ್ತಿದ್ದದ್ದು ಆ ಪೆಟ್ಟಿಗೆಯೊಂದೇ. ಹೌದೆಂದಳು. ಹಳೆಯ ತಂಡದ ಜಾಗ ತುಂಬಿಹೋಗಿತ್ತು, ಅಲ್ಲಿಗೆ ಮರಳುವಂತಿರಲಿಲ್ಲ. ಖಾಲಿಯಿದ್ದವುಗಳ ಪೈಕಿ ಮತ್ತೊಂದು ನಾಲ್ಕನೇ ಡಿವಿಜನ್ನಿನ ತಂಡವನ್ನು ಹುಡುಕಿ ಅರ್ಜಿ ಹಾಕಿದಳು. ಆಮೇಲೆ ಪೆಟ್ಟಿಗೆಯಲ್ಲಿ ತನ್ನದೇ ಬೇರೆ ಖಾತೆ ತೆರೆದು, ಆಟವನ್ನು ಅದಕ್ಕೆ ವರ್ಗಾಯಿಸಿ, ನಾಲ್ಕು ಅಂಕಿಯ ಗುಪ್ತ ಸಂಖ್ಯೆಯಿಂದ ಬೀಗ ಹಾಕಿದಳು. ಹೇಗೆಂಬುದನ್ನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಜೋಡಿಯ ಫೋನಿನಲ್ಲಿ ನೋಡಿ ಕಲಿತಿದ್ದಳು.

"ಮನೆಯೋರ ಮಧ್ಯೆ ಬೀಗಾನಾ?" ತಮ್ಮ ಪರದೆಯ ಕಡೆ ಕೈ ತೋರಿಸಿದ. "ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕಾ?"

"ಇಲ್ಲ."

ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು.

"ಅಕ್ಕ, ಅವರು ಊಟ ಬೇಡ ಅಂತಿದ್ದಾರೆ. ನೀವೇ ಒಂದು ಮಾತು ಹೇಳಿದ್ರೆ..."

"ನೀನು ಉಂಡ್ಯಾ?"

"ಇಲ್ಲ."

"ಬಾ, ಇಬ್ಬರೂ ಉಣ್ಣೋಣ. ಹಸಿವಾದ್ರೆ ಅವನಿಗೆ ಅಡುಗೆಮನೆ ಎಲ್ಲಿದೆ ಅಂತ ಗೊತ್ತಿದೆ."

ಹೊಸ ತಂಡ ಮೊದಲ ಪಂದ್ಯವನ್ನು ನಾಲ್ಕು ಸೊನ್ನೆಯಿಂದ ಸೋತಿತು. ಗೋಲ್‌ಕೀಪರನಿಗೆ ಚೆಂಡೆಂದರೆ ಭಯವೇನೋ ಎನಿಸಿತು. ಅವಳು ಅವನನ್ನು ಬಾಯಿಗೆ ಬಂದಂತೆ ಬೈದಳು, ಬೈದು ಮುಂದಿನ ಪಂದ್ಯಕ್ಕೂ ಅವನನ್ನೇ ಹಾಕಿದಳು.

ತಮ್ಮ ಹಲವು ದಿನ ಹೆಂಡತಿಯ ಮೂಲಕವೇ ಮಾತನಾಡಿದ. ಇಸ್ತ್ರಿಯಕ್ಕ ಸಮಾಧಾನ ಹೇಳಲು ಹೋಗಲಿಲ್ಲ. ಎದೆಯಲ್ಲಿ ನೋವಿತ್ತು, ಆದರೆ ನೋವಾಯಿತೆಂದು ನ್ಯಾಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಒಗೆದ ಬಟ್ಟೆಯನ್ನು ಮತ್ತೆ ಕೊಳೆಯ ಬುಟ್ಟಿಗೆ ಹಾಕಿದಂತೆ.

ಮುಂದಿನ ತಿಂಗಳೊಂದು ದಿನ ಉರುಳೆಯ ಮುಂದೆ ನಿಂತಿದ್ದಾಗ ಫೋನು ಬಂತು. ತಮ್ಮ ಅಂಗಡಿಯಿಂದ ಮಾತನಾಡುತ್ತಿದ್ದ.

"ಅಕ್ಕಾ, ಇಲ್ಲಿ ಒಂದು ಒಳ್ಳೇ ಹಾಸಿಗೆ ಬಂದಿದೆ. ಅಂಗಡಿ ಕೆಲಸದೋರಿಗೆ ಅರ್ಧ ಬೆಲೆಗೆ ಕೊಡ್ತಾರೆ. ನಿನ್ನ ಹಳೇದು ಕುಸಿದಿದೆಯಲ್ಲ..." ಅಷ್ಟಕ್ಕೆ ನಿಂತ. "ಬೇಕಾ?"

"ಬೇಡ."

ವಾದ ಹೂಡಲು ಅವನು ಉಸಿರೆಳೆದದ್ದು ಅವಳಿಗೆ ಕೇಳಿಸಿತು.

"ಸರಿ," ಎಂದು ಫೋನಿಟ್ಟ.

ಸಂಜೆ ಮನೆಗೆ ಹೋದವಳು ಚಪ್ಪಲಿ ಕಳಚುವ ಮೊದಲೇ ಕೋಣೆಗೆ ನುಗ್ಗಿ, ಹೊದಿಕೆ ಎತ್ತಿ ನೋಡಿದಳು. ನಡುವೆ ಕುಸಿದ ಹಳೆಯ ಹಾಸಿಗೆಯೇ ಇತ್ತು. ಅದರ ಮೇಲೆ ಒಂದು ಗಳಿಗೆ ಕುಳಿತಳು. ಬೆನ್ನಿಗೆ ಅದು ನಿಜವಾಗಿಯೂ ಹಿತವಾಗಿರಲಿಲ್ಲ. ಹೊಸದೊಂದನ್ನು ಯಾವಾಗ ಕೊಳ್ಳಬೇಕೆಂದು ಅವಳೇ ಯೋಚಿಸುವವಳಿದ್ದಳು. ಆಮೇಲೆ ಎದ್ದು, ಟಿವಿಯ ಮುಂದೆ ಕೂತು, ಬಾಗಿಲ ಕಡೆಗೆ ಬೆನ್ನು ತಿರುಗಿಸಿ ನಾಲ್ಕು ಅಂಕಿಗಳನ್ನು ಒತ್ತಿದಳು.