ಮೂರು ಇಂಚಿನ ಒಳಮಡಿಕೆ

ನಮ್ಮ ಹೊಲಿಗೆ ಘಟಕಕ್ಕೆ ನೋಟಿಸ್ ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಗಂಡನ ಜೊತೆ ಜಗಳ. ಪಾಪ, ಬಸ್ ಡಿಪೋದ ಕೆಲಸ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದ ಮನುಷ್ಯ. ‘ಏನಂತ ಬರದಾರ?’ ಎಂದು ಕೇಳಿದ್ದೇ ಅವರ ತಪ್ಪಾಯಿತು. ಸಿಟ್ಟು ಬಂದರೆ ನಾನು ಎದುರಿಗೆ ಸಿಕ್ಕವರ ಮೇಲೆ ಹೋಗುತ್ತೇನೆ. ಇದನ್ನು ಯಾವತ್ತೂ ಮುಚ್ಚಿಟ್ಟವಳಲ್ಲ.

ನೋಟಿಸಿನಲ್ಲಿ ಇದ್ದದ್ದು ಇಷ್ಟು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆಂದು ನಾವು ಹೊಲಿದ ನೀಲಿ ಲಂಗಗಳ ಅಂಚಿನ ಒಳಮಡಿಕೆ ಅರ್ಧ ಇಂಚು ಇರಬೇಕಿತ್ತು, ತಪಾಸಣೆಯಲ್ಲಿ ಮೂರು ಇಂಚು ಕಂಡುಬಂದಿದೆ. ಬಟ್ಟೆ ಸರ್ಕಾರ ಅಳತೆ ಮಾಡಿ ಕೊಟ್ಟದ್ದು. ಹೆಚ್ಚಿನ ಬಟ್ಟೆ ಎಲ್ಲಿಂದ ಬಂತು? ಕೊಟ್ಟ ಬಟ್ಟೆಯನ್ನೇ ಬದಲಿಸಲಾಗಿದೆಯೇ? ನಿಯಮ ಮೀರಿದ ಈ ಘಟಕವನ್ನು ಎರಡು ವರ್ಷ ಗುತ್ತಿಗೆದಾರರ ಪಟ್ಟಿಯಿಂದ ಯಾಕೆ ತೆಗೆಯಬಾರದು? ಹದಿನೈದು ದಿನದೊಳಗೆ ಉತ್ತರ ಕೊಡಬೇಕು.

ಬಟ್ಟೆ ಕದ್ದವರಿಗೆ ನೋಟಿಸ್ ಬರುತ್ತದೆಂದು ಗೊತ್ತಿತ್ತು. ಹೆಚ್ಚಿಗೆ ಇಟ್ಟವರಿಗೂ ಬರುತ್ತದೆಂದು ಅವತ್ತು ಗೊತ್ತಾಯಿತು.

ನಾನು ಹುಟ್ಟಿದ್ದು ತೆಲಂಗಾಣದ ಗಡಿಯ ಮೊಗುಡಂಪಲ್ಲಿಯಲ್ಲಿ, ಕಲಿತದ್ದು ಕನ್ನಡ ಶಾಲೆಯಲ್ಲಿ, ಮದುವೆಯಾಗಿ ಬಂದದ್ದು ನಾರಾಯಣಖೇಡಕ್ಕೆ. ಇಲ್ಲಿ ಹಳೆಯ ಬಜಾರಿನ ಹಿಂದೆ ಎರಡು ಕೋಣೆ ಹಿಡಿದು ಹದಿನಾಲ್ಕು ಜನ ಹೆಂಗಸರು ಹೊಲಿಯುತ್ತೇವೆ. ಅದಕ್ಕಿಂತ ಮೊದಲು ಬಹಳ ವರ್ಷ ಒಬ್ಬ ದೊಡ್ಡ ಗುತ್ತಿಗೆದಾರರ ಕೆಳಗೆ ಕೂಲಿಗೆ ಹೊಲಿದೆವು. ಟೆಂಡರ್ ಅವರ ಹೆಸರಲ್ಲಿ, ಹೊಲಿಗೆ ನಮ್ಮದು. ಶಾಲೆಯಲ್ಲಿ ಸಮವಸ್ತ್ರ ಹಂಚುವಾಗ ಹಾರ ಹಾಕಿಸಿಕೊಳ್ಳುವವರು ಅವರೇ.

ಆಮೇಲೆ ನಿಯಮಗಳು ಒಂದೊಂದಾಗಿ ಬದಲಾಗತೊಡಗಿದವು. ಟೆಂಡರ್ ಎಲ್ಲರ ಕಣ್ಣಿಗೂ ಕಾಣುವಂತೆ ಕಂಪ್ಯೂಟರಿಗೆ ಬಂತು. ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಗಳು ಮುಂಗಡ ಠೇವಣಿ ಕಟ್ಟಬೇಕಿಲ್ಲ ಎಂದಾಯಿತು. ಹೊಸಬರು ಮೂರು ವರ್ಷದ ಅನುಭವ ತೋರಿಸಬೇಕಿಲ್ಲ, ಹೆಂಗಸರೇ ನಡೆಸುವ ಘಟಕಗಳಿಗೆ ಸರ್ಕಾರದ ಖರೀದಿಯಲ್ಲಿ ಒಂದು ಪಾಲು ಇದೆ ಎಂದೂ ಆಯಿತು. ಇವು ಯಾವುವೂ ನಮ್ಮ ಮನೆ ಬಾಗಿಲು ಹುಡುಕಿಕೊಂಡು ಬರಲಿಲ್ಲ. ಜಹೀರಾಬಾದಿನಲ್ಲಿ ಸಣ್ಣ ಉದ್ದಿಮೆಯವರಿಗೆ ಒಂದು ದಿನದ ತರಬೇತಿ ಇದೆಯೆಂದು ಕೇಳಿ ನಾನೇ ಬಸ್ಸು ಹತ್ತಿದೆ. ಟೆಂಡರಿಗೆ ಡಿಜಿಟಲ್ ಸಹಿ ಎಂದು, ಕಂಪ್ಯೂಟರಿಗೆ ಚುಚ್ಚುವ ಬೆರಳುದ್ದದ ಒಂದು ಕಡ್ಡಿ ಕೊಟ್ಟು, ‘ಇದನ್ನು ಯಾರ ಕೈಗೂ ಕೊಡಬೇಡಿ’ ಎಂದರು. ನಮ್ಮ ಕಡೆ ಅದನ್ನು ಇಂಟರ್ನೆಟ್ ಅಂಗಡಿಯವನ ಹತ್ತಿರ ಬಿಟ್ಟು ಬರುವವರೇ ಹೆಚ್ಚು. ನಾನು ಮಾತ್ರ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ, ಗಂಡನಿಗೂ ಕೊಡಲಿಲ್ಲ.

ಹಾಗೆ ನಮ್ಮದೇ ಹೆಸರಲ್ಲಿ ಸಿಕ್ಕ ಮೊದಲ ಕೆಲಸ ಈ ಲಂಗಗಳದ್ದು. ಪಟ್ಟಿಯಿಂದ ಹೆಸರು ಹೋದರೆ ಹದಿನಾಲ್ಕು ಜನರೂ ಹಳೆಯ ಗುತ್ತಿಗೆದಾರರ ಬಾಗಿಲಿಗೆ ಹೋಗಿ ಕೂಲಿಗೆ ನಿಲ್ಲಬೇಕು. ನನಗೆ ಆ ಬಾಗಿಲು ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

ತಪ್ಪು ಯಾರದೆಂದು ಕೇಳಿದರೆ ನನ್ನದೇ ಎನ್ನಬೇಕು. ಟೆಂಡರ್ ಕಾಗದ ಓದಿದವಳು ನಾನು. ಅರ್ಧ ಇಂಚು ಎಂದು ಬರೆದದ್ದನ್ನು ಕಣ್ಣಾರೆ ನೋಡಿದ್ದೆ. ಆದರೆ ಬೆಳೆಯುವ ಹುಡುಗಿಯ ಲಂಗಕ್ಕೆ ಒಳಗೆ ಬಟ್ಟೆ ಬಿಡದೆ ಹೊಲಿಯುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಗೆರೆ ಎಳೆಯುವಾಗ ಕೈ ತಾನಾಗಿಯೇ ಮೂರು ಇಂಚು ಕೆಳಗೆ ಹೋಯಿತು, ಉಳಿದ ಹದಿಮೂರು ಜನರಲ್ಲಿ ಒಬ್ಬಳೂ ‘ಇದು ಜಾಸ್ತಿ ಆತು’ ಎನ್ನಲಿಲ್ಲ. ನಮ್ಮ ನಮ್ಮ ಮಕ್ಕಳಿಗೆ ಹೊಲಿದಂತೆ ಸರ್ಕಾರಕ್ಕೂ ಹೊಲಿದುಬಿಟ್ಟಿದ್ದೆವು.

ನೋಟಿಸ್ ಕಳಿಸಿದ ಕಚೇರಿಯ ಗುಮಾಸ್ತರು ಫೋನಿನಲ್ಲಿ ಒಂದು ಸುಲಭದ ದಾರಿ ಹೇಳಿದರು. ಲಂಗಗಳನ್ನು ವಾಪಸ್ ಒಯ್ದು ಹೆಚ್ಚಿನ ಬಟ್ಟೆ ಕತ್ತರಿಸಿ, ಅರ್ಧ ಇಂಚಿಗೆ ಮಡಚಿ ಕೊಟ್ಟರೆ ನೋಟಿಸ್ ಅಲ್ಲಿಗೇ ಮುಗಿಯಬಹುದು. ಆ ದಿನ ಮಧ್ಯಾಹ್ನ ಮಷೀನು ನಿಲ್ಲಿಸಿ ಎಲ್ಲರೂ ಕೂತೆವು. ಅರ್ಧ ಜನ ಒಪ್ಪಿದರು. ‘ಹಟ ಮಾಡಿದ್ರ ಹೊಟ್ಟಿಗೇನ್ ತಿನ್ನೋದು’ ಎಂದಳು ಒಬ್ಬಳು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಕಲ್ಹೇರಿನಿಂದ ಬರುತ್ತಾಳೆ. ಬುದ್ಧವಿಹಾರದ ಬದಿಯ ಮನೆಯವಳು, ಎರಡು ಎಕರೆ ತೊಗರಿ ಹೊಲ, ಉಳಿದ ಹೊತ್ತು ಹೊಲಿಗೆ. ಕತ್ತರಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಒಂದು ಲಂಗ ತೊಡೆಯ ಮೇಲೆ ಹಾಕಿಕೊಂಡು ಅಂಚು ತಿರುವಿ ನೋಡಿದಳು.

‘ನೀವು ಕತ್ತರಸ್ರಿ ಅಂದ್ರ ಕತ್ತರಸ್ತೀನಿ. ಆದ್ರ ಕತ್ತರಿಸಿದ ಬಟ್ಟಿ ಆಮ್ಯಾಲ ಯಾರ ಉಪಯೋಗಕ್ಕೂ ಬರಂಗಿಲ್ಲ. ಚಿಂದಿ ಆಗ್ತದ.’

ಅಷ್ಟೇ ಹೇಳಿ ಅವಳು ಚಹಾ ಕುಡಿಯಲು ಎದ್ದಳು. ಕತ್ತರಿಸುವುದಿಲ್ಲ ಎಂದು ನಾನು ನಿರ್ಧಾರ ಮಾಡಿದ್ದು ಆಗ. ಹೆದರಿಕೆಯೂ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಜಹೀರಾಬಾದಿನ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ತಾಂಡೂರಿನವರೊಬ್ಬರ ನಂಬರ್ ನನ್ನ ಹತ್ತಿರ ಇತ್ತು. ನೆಲಕ್ಕೆ ಹಾಸುವ ಕಲ್ಲು ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ ಅವರದು. ಹಿಂದೊಮ್ಮೆ ಯಾವುದೋ ಹಾಸ್ಟೆಲಿಗೆ ಕಲ್ಲು ಕೊಟ್ಟಾಗ, ಒಂದು ಮಾತೂ ಕೇಳದೆ ಅವರ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದ್ದರಂತೆ. ಕೋರ್ಟಿಗೆ ಹೋಗಿ, ತಮ್ಮ ಮಾತು ಕೇಳಿದ ಮೇಲೆಯೇ ತೀರ್ಮಾನ ಮಾಡಬೇಕೆಂದು ಆದೇಶ ತಂದವರು. ಅವರಿಗೆ ಫೋನ್ ಹಚ್ಚಿದೆ.

‘ನೋಟಿಸ್ ಬಂತಂತ ಯಾಕ ಫಿಕರ್ ಮಾಡ್ತೀರಿ?’ ಎಂದರು ಅವರು. ‘ನೋಟಿಸ್ ಬಂದದ್ದೇ ಚಲೋ ಆತು. ಈಗ ನೋಟಿಸ್ ಕೊಡದ, ಎದುರಿಗಿ ಕೂಡಿಸಿ ಕೇಳದ ಯಾರನ್ನೂ ತೆಗ್ಯಾಕ ಬರಂಗಿಲ್ಲ. ಖುದ್ದು ಬಂದು ಹೇಳ್ತೀವಂತ ಬರದು ಕೊಡ್ರಿ. ಮತ್ತ ಅಲ್ಲಿ ಬರೇ ಮಾತು ಒಯ್ಯಬ್ಯಾಡ್ರಿ, ಬಟ್ಟಿ ಒಯ್ಯಿರಿ. ನಾ ಕಲ್ಲೇ ಒಯ್ದಿದ್ದೆ.’

‘ಕಚೇರಿಗಿ ಕಲ್ಲು ಹೊತ್ತು ಒಯ್ದ್ರೇನು?’

‘ನಾಲ್ಕು. ಮೂರನೇ ಮಾಳಿಗಿಗಿ.’

ಎಷ್ಟೋ ದಿನದ ಮೇಲೆ ಅವತ್ತು ನಕ್ಕೆ. ಅವರು ಹೇಳಿದಂತೆಯೇ ಬರೆದುಕೊಟ್ಟೆ, ವಿಚಾರಣೆಗೆ ದಿನ ಗೊತ್ತಾಯಿತು.

ಜಿಲ್ಲಾ ಕಚೇರಿಗೆ ನಾನು ಮತ್ತು ಕಲ್ಹೇರಿನವಳು ಹೋದೆವು. ಜೊತೆಗೆ ಸರ್ಕಾರ ಕೊಟ್ಟ ಬಟ್ಟೆಯಲ್ಲಿ ಇನ್ನೂ ಕತ್ತರಿಸದೆ ಉಳಿದಿದ್ದ ಸುರುಳಿ, ಸೀಮೆಸುಣ್ಣ, ಕತ್ತರಿ, ಟೇಪು, ನಮ್ಮ ಘಟಕದ ಚಿಂದಿಯ ಚೀಲ. ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಇದ್ದವರು ಹಿರಿಯ ಅಧಿಕಾರಿ, ಹೆಂಗಸು, ಮುಖದಲ್ಲಿ ನಗುವಿಲ್ಲ. ಹೆಚ್ಚಿನ ಬಟ್ಟೆ ಎಲ್ಲಿಂದ ಬಂತೆಂದು ತೆಲುಗಿನಲ್ಲಿ ಕೇಳಿದರು.

‘ಕತ್ತರಿಸಿ ತೋರಿಸಬಹುದೇ?’ ಎಂದು ನಾನೂ ತೆಲುಗಿನಲ್ಲೇ ಕೇಳಿದೆ. ಅವರು ಮೇಜಿನಿಂದ ಎದ್ದು ಈಚೆ ಬಂದರು.

ಒಂದು ಲಂಗಕ್ಕೆ ಸರ್ಕಾರ ಗೊತ್ತುಮಾಡಿದ ಬಟ್ಟೆಯನ್ನು ಅವರೇ ಅಳೆದು ಕೊಟ್ಟರು. ಕಲ್ಹೇರಿನವಳು ಅದನ್ನು ನೆಲದ ಮೇಲೆ ಹಾಸಿ ಮೊಣಕಾಲೂರಿದಳು. ಲಂಗದ ತುಂಡುಗಳು ಮೇಲೆ ಸೊಂಟದಲ್ಲಿ ಕಿರಿದು, ಕೆಳಗೆ ಅಗಲ. ದೊಡ್ಡ ಹೊಲಿಗೆ ಕಾರ್ಖಾನೆಯವರು ಎಲ್ಲ ತುಂಡನ್ನೂ ಒಂದೇ ಮುಖವಾಗಿ ಕತ್ತರಿಸುತ್ತಾರೆ, ನಡುನಡುವೆ ಮೂಲೆ ಮೂಲೆ ಬಟ್ಟೆ ಚಿಂದಿಗೆ ಹೋಗುತ್ತದೆ. ಅವಳು ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಗೆರೆ ಹಾಕಿದಳು. ಒಂದರ ಕಿರಿದಾದ ತುದಿಯ ಪಕ್ಕದಲ್ಲೇ ಇನ್ನೊಂದರ ಅಗಲದ ಅಂಚು ಕೂತಿತು. ಕತ್ತರಿ ಆಡಿದ ಮೇಲೆ ನೆಲದಲ್ಲಿ ಉಳಿದದ್ದು ಒಂದು ಹಿಡಿ ಚೂರು. ಅಧಿಕಾರಿ ಟೇಪು ಇಸಿದುಕೊಂಡು ತುಂಡುಗಳನ್ನು ಒಂದೊಂದಾಗಿ ಅಳೆದರು. ಲಂಗದ ಉದ್ದ ಸರಿಯಾಗಿತ್ತು, ಕೆಳಗೆ ಮೂರು ಇಂಚು ಜಾಸ್ತಿ ಇತ್ತು. ಆಮೇಲೆ ನಮ್ಮ ಚಿಂದಿಯ ಚೀಲವನ್ನೂ ಬಿಚ್ಚಿಸಿ ನೋಡಿದರು.

‘ಬಟ್ಟೆಯ ವಿಷಯ ಗೊತ್ತಾಯಿತು,’ ಎಂದರು. ‘ಆದರೆ ಕಾಗದದಲ್ಲಿ ಅರ್ಧ ಇಂಚು ಎಂದಿದೆ. ಮೂರು ಯಾಕೆ ಮಡಚಿದಿರಿ? ಈಗಲೂ ಕತ್ತರಿಸಿ ಕೊಡಲು ಏನು ಕಷ್ಟ?’

ಸಿಟ್ಟಿನಲ್ಲಿ ನನ್ನ ತೆಲುಗು ಕೈಕೊಟ್ಟಿತು. ಬಂದದ್ದೆಲ್ಲ ಮೊಗುಡಂಪಲ್ಲಿಯ ಮಾತು.

‘ಕಾಗದ ಓದಿನ್ರಿ, ಕೈ ಕೇಳಲಿಲ್ಲ. ಅದು ನನ್ನ ತಪ್ಪು, ಬರಕೋರಿ. ಆದ್ರ ಕತ್ತರಸಂಗಿಲ್ರಿ. ಜೂನದಾಗ ಕೊಟ್ಟ ಲಂಗ ಜನವರಿಗಿ ಮೊಣಕಾಲ ಮ್ಯಾಲ ಹೋಗ್ತದ. ಆ ಹುಡುಗಿ ಸಾಲಿಗಿ ಬರಾಕ ನಾಚ್ತಾಳ. ಒಳಗ ಬಟ್ಟಿ ಇತ್ತಂದ್ರ ಬಿಚ್ಚಿ ಉದ್ದ ಮಾಡ್ಕೋತಾಳ. ಇದಕ್ಕ ನಮ್ಮ ಹೆಸರು ತೆಗಿತೀವಂದ್ರ ತೆಗೀರಿ.’

ಪಕ್ಕದಲ್ಲಿ ಕೂತವರೊಬ್ಬರು ನಾನು ಹೇಳಿದ್ದನ್ನು ಅವರಿಗೆ ತೆಲುಗಿನಲ್ಲಿ ತಿಳಿಸಿದರು. ಹೇಳುವುದೆಲ್ಲ ಹೇಳಿಬಿಟ್ಟ ಮೇಲೆ ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಕಲ್ಹೇರಿನವಳು ಮಾತ್ರ ಚೂರುಗಳನ್ನು ಆರಿಸಿ ಚೀಲಕ್ಕೆ ತುಂಬುತ್ತಿದ್ದಳು, ತನಗೇನೂ ಸಂಬಂಧ ಇಲ್ಲದವಳ ಹಾಗೆ.

ಅಧಿಕಾರಿ ಕರಗಿ ನೀರಾದರು ಎಂದೇನೂ ಬರೆಯಲಾರೆ. ಗದರಿಸಿಯೇ ಮಾತಾಡಿದರು. ‘ಕಾಗದ ಇಷ್ಟವಾಗದಿದ್ದರೆ ಟೆಂಡರ್ ಹಾಕುವ ಮೊದಲು ಪ್ರಶ್ನೆ ಕೇಳುವುದಕ್ಕೆ ದಿನ ಕೊಟ್ಟಿರುತ್ತೇವೆ. ಆಗ ಕೇಳಬೇಕು. ಹೊಲಿದ ಮೇಲೆ ವಾದ ಮಾಡುವುದಲ್ಲ.’ ಒಂದು ವಾರದ ಮೇಲೆ ಲಿಖಿತ ಆದೇಶ ಬಂತು. ಕೊಟ್ಟ ಬಟ್ಟೆಯೇ ಬಳಕೆಯಾಗಿದೆ, ಹೊರಗಿನ ಅಳತೆ ಸರಿಯಿದೆ, ಒಳಮಡಿಕೆ ಹೆಚ್ಚಿರುವುದರಿಂದ ಉಡುಪಿಗೆ ದೋಷವಿಲ್ಲ, ಎಚ್ಚರಿಕೆ ಕೊಟ್ಟು ನೋಟಿಸ್ ಮುಕ್ತಾಯಗೊಳಿಸಲಾಗಿದೆ. ಲಂಗಗಳು ಇದ್ದ ಹಾಗೆಯೇ ಶಾಲೆಗಳಿಗೆ ಹೋದವು. ನಾನು ಆ ಆದೇಶವನ್ನು ಘಟಕದಲ್ಲಿ ಮೂರು ಸಲ ಓದಿ ಹೇಳಿದೆ, ಮೂರನೇ ಸಲ ಓದೆಂದು ಯಾರೂ ಕೇಳಿರಲಿಲ್ಲ.

ಮುಂದಿನ ಟೆಂಡರ್ ಬಂದಾಗ ಮೊದಲ ದಿನವೇ ಪ್ರಶ್ನೆ ಹಾಕಿದೆ. ಅದೇ ಬಟ್ಟೆಯಲ್ಲಿ ಮೂರು ಇಂಚು ಒಳಮಡಿಕೆ ಸಾಧ್ಯವಿದೆ, ಕತ್ತರಿಸುವ ವಿಧಾನದ ಚಿತ್ರ ಜೊತೆಗಿದೆ, ನಿಯಮವನ್ನೇ ಯಾಕೆ ಬದಲಿಸಬಾರದು? ಚಿತ್ರ ಬರೆದವಳು ಕಲ್ಹೇರಿನವಳು. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ತಿದ್ದುಪಡಿ ಬಂತು: ಒಳಮಡಿಕೆ ಮೂರು ಇಂಚು. ನಮಗೊಬ್ಬರಿಗೇ ಅಲ್ಲ, ಟೆಂಡರ್ ಹಾಕುವ ಎಲ್ಲರಿಗೂ. ನಮ್ಮ ಹಳೆಯ ಗುತ್ತಿಗೆದಾರರು ನಾಲ್ಕೇ ದಿನದಲ್ಲಿ ಫೋನ್ ಮಾಡಿ, ಅಷ್ಟು ಬಟ್ಟೆಯಲ್ಲಿ ಅದು ಹ್ಯಾಗೆ ಬರುತ್ತದೆಂದು ಬಹಳ ನಯವಾಗಿ ವಿಚಾರಿಸಿದರು. ‘ನಿಮ್ಮ ಕಟಿಂಗ್ ಮಾಸ್ತರನ್ನ ಕಳಸ್ರಿ, ಕಲಸ್ತೀವಿ’ ಎಂದೆ. ಸೊಕ್ಕು ಬಂದಿತ್ತು ನನಗೆ, ಬಂದರೆ ಏನಾಯಿತು.

ಆ ವರ್ಷದ ಕೆಲಸವೂ ನಮಗೆ ಸಿಕ್ಕಿತು. ಅಳತೆ ತೆಗೆಯಲು ಕಲ್ಹೇರಿನ ಒಂದು ಶಾಲೆಗೆ ಹೋದೆ. ಹುಡುಗಿಯರು ವರಾಂಡದಲ್ಲಿ ಸಾಲಾಗಿ ನಿಂತಿದ್ದರು, ಎಲ್ಲರೂ ಹೋದ ವರ್ಷದ ಲಂಗದಲ್ಲಿ. ಟೇಪು ಹಿಡಿದು ಬಗ್ಗಿದವಳಿಗೆ ಮೊದಲು ಕಂಡದ್ದು ಅಂಚು. ಮೇಲೆ ಒಗೆದು ಒಗೆದು ಮಾಸಿದ ನೀಲಿ, ಕೆಳಗೆ ಮೂರು ಬೆರಳು ಅಗಲದ ಹೊಸ ನೀಲಿ ಪಟ್ಟಿ. ಸಾಲಿನ ಆ ತುದಿಯವರೆಗೂ ಅದೇ ಪಟ್ಟಿ. ಒಬ್ಬಳ ಲಂಗವೂ ಮೊಣಕಾಲಿನ ಮೇಲಿರಲಿಲ್ಲ.

ನನ್ನ ಎದುರಿಗೆ ನಿಂತವಳನ್ನು, ಇದನ್ನು ಯಾರು ಬಿಚ್ಚಿಕೊಟ್ಟರೆಂದು ಕೇಳಿದೆ.

‘ನಾನೇ ಬಿಚ್ಚೀನ್ರಿ, ಬ್ಲೇಡಿಲೆ.’

‘ಹೊಸಾದು ಬರ್ತದಲ್ಲ, ಇದಕ್ಕ ಏನು ಮಾಡ್ತಿ?’

‘ನಮ್ಮ ತಂಗಿಗಿರಿ,’ ಎಂದಳು. ‘ಮತ್ತ ಒಳಗ ಮಡಚಿ ಕೊಡ್ತೀನಿ.’

ಎರಡು ಸಲ ಟೇಪು ಹಿಡಿದೆ, ಎರಡು ಸಲವೂ ಅಂಕಿ ಓದುವುದನ್ನೇ ಮರೆತೆ. ಟೇಪನ್ನು ಪಕ್ಕದ ಟೀಚರ ಕೈಗೆ ಕೊಟ್ಟು, ನೀವೇ ಓದಿ ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ.